ಮನಿ ಸಾಲಕ್ಕ ಬ್ಯಾಂಕಿಗಿ ಹೋಗೂ ಮೊದ್ಲು ಗೌಂಡಿ ಬಲ್ಲಿ ಕುಂದ್ರಿ

ಕಲಬುರ್ಗಿ ಕಡಿ ಈಗ ಮನಿ ಕಟ್ಟಾದು ಅಂದ್ರ ಒಂದೇ ನಮೂನಿ ಆಗ್ಬಿಟ್ಟದ. ಕಾಲಮ್ ಎಬ್ಬಸ್ತಾರ, ನಡುವ ಇಟ್ಟಂಗಿ ಇಲ್ಲಾ ಸಿಮೆಂಟ್ ಬ್ಲಾಕ್ ತುಂಬ್ತಾರ, ಮ್ಯಾಲ ಸ್ಲ್ಯಾಬ್ ಹಾಕ್ತಾರ, ಏಪ್ರಿಲ್ ಬಂತಂದ್ರ ಆ ಸ್ಲ್ಯಾಬ್ ಕೆಳಗ ಕುಂದ್ರಲಾಕ ಆಗಲ್ಲ. ಹೊರಗ 43, 44 ಡಿಗ್ರಿ ಬಿಸಲು, ಹಗಲೆಲ್ಲಾ ಕಾದಿದ್ದ ಸ್ಲ್ಯಾಬ್ ರಾತ್ರಿ ಎರಡು ಗಂಟಿ ತನಕ ಝಳ ಒಳಗ ಬಿಡ್ತಿರ್ತದ, ಕೂಲರ್ ಹಚ್ಚಿದ್ರ ಹಸಿ ಗಾಳಿ, ಕರೆಂಟ್ ಹೋದ್ರ ಅದೂ ಇಲ್ಲ, ಸಣ್ಣ ಮಕ್ಕಳು ಮುದುಕರು ಇದ್ದ ಮನ್ಯಾಗ ಎಷ್ಟು ತ್ರಾಸ್ ಅಂತ ನಮ್ಮ ಕಡಿಯವರಿಗಿ ನಾ ಹೇಳಬೇಕಾಗಿಲ್ಲ. ಇಂಥಾ ಮನಿಗಿ ಇಪ್ಪತ್ತು ವರ್ಷ ಕಂತು ಕಟ್ಟತೀವಿ.

ಅದೇ ನಮ್ಮ ನೆಲದಾಗ ಏನೇನದ ನೋಡ್ರಿ. ಶಹಾಬಾದ್, ಚಿತ್ತಾಪುರ, ವಾಡಿ ಕಡಿ ಪರಸಿ ಕಲ್ಲು ಹಾಳಿ ಹಾಳಿ ಆಗಿ ಏಳ್ತದ, ದೇಶದ ತುಂಬ ಮನಿ ನೆಲಕ್ಕ ನಮ್ಮ ಕಲ್ಲೇ ಹೋಗ್ಯಾದ. ಬೀದರ ಕಡಿ ಕೆಂಪು ಜಂಬಿಟ್ಟಗಿ ಕಲ್ಲು, ಬೀದರ ಕೋಟಿ ನಿಂತಿದ್ದೂ ಅದೇ ಕಲ್ಲಿನ ಗುಡ್ಡದ ಮ್ಯಾಲ, ನೌಬಾದದ ಸುರಂಗ ಬಾವಿ ಕೊರದದ್ದೂ ಅದೇ ಕಲ್ಲಿನಾಗ. ಯಾದಗಿರಿ ಕಡಿ ಹೋದ್ರ ಬೆಣಚು ಬಂಡಿ. ಇಷ್ಟೆಲ್ಲಾ ಇಟ್ಕೊಂಡು ನಾವು ಸುಣ್ಣಗಲ್ಲನ್ನ ವಾಡಿ, ಸೇಡಂ, ಮಳಖೇಡದ ಫ್ಯಾಕ್ಟರಿದಾಗ 1450 ಡಿಗ್ರಿ ಕಾಸಿ ಸಿಮೆಂಟ್ ಮಾಡಿ ಅದನ್ನೇ ಚೀಲದ ಲೆಕ್ಕದಾಗ ಕೊಂಡು ತರ್ತೀವಿ. ಕಲ್ಲು ಸುಡಲಾಕ ಹೋಗೋ ಇಂಧನದ ಹೊಗಿ ಬ್ಯಾರೆ, ಕಲ್ಲಿನ ಒಳಗಿಂದಾನೇ ಬರೋ ಕಾರ್ಬನ್ ಡೈಆಕ್ಸೈಡ್ ಬ್ಯಾರೆ, ಎರಡೂ ಸೇರಿ ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ದಾಗ ಸುಮಾರು 8 ಪರ್ಸೆಂಟ್ ಸಿಮೆಂಟ್‌ದೇ ಅಂತ ಲೆಕ್ಕ ಅದ. ಸುಣ್ಣ ಸುಡಲಾಕ 900 ಡಿಗ್ರಿ ಸಾಕು, ಗೋಡಿಗಿ ಹಚ್ಚಿದ ಮ್ಯಾಲ ಗಾಳ್ಯಾಗಿಂದು ಒಂದಿಷ್ಟು ಕಾರ್ಬನ್ ವಾಪಸ್ ಎಳ್ಕೊಂತದ ಕೂಡ. ಸಿಮೆಂಟ್ ಬಿಲ್ಕುಲ್ ಬ್ಯಾಡ ಅಂತ ನಾ ಹೇಳಂಗಿಲ್ಲ, ಆ ಫ್ಯಾಕ್ಟರಿದಾಗ ದುಡಿಯೋರು ನಮ್ಮ ಬೀಗರೇ ಅದಾರ, ಆದ್ರ ಎಲ್ಲಿ ಬೇಕೋ ಅಲ್ಲಿ ಬೇಕಾದಷ್ಟು ಹಾಕೋಣು ಅಂತೀನಿ.

ಪರಿಸರಕ್ಕ ಹೊಂದೋ ಮನಿ ಕಟ್ಟಬೇಕು ಅಂದವರೆಲ್ಲಾ ನನಗ ಮೊದ್ಲು ಕೇಳಾದು, ಇದಕ್ಕ ಸಾಲ ಯಾರು ಕೊಡ್ತಾರ ಅಂತ. ನಾ ವಾಪಸ್ ಕೇಳ್ತೀನಿ, ಕಟ್ಟೋರು ಯಾರದಾರ ಅಂತ. ಯಾಕಂದ್ರ ದುಡ್ಡು ಹೆಂಗರ ಹೊಂದಸಬಹುದು, ಸುಣ್ಣದ ಗಚ್ಚು ಹದ ಗೊತ್ತಿದ್ದ ಗೌಂಡಿ ಈಗ ಊರಿಗಿ ಒಬ್ಬ ಇದ್ರ ಪುಣ್ಯ, ಅವನೂ ಅರವತ್ತು ದಾಟ್ಯಾನ, ಅವನ ಮಗ ಟೈಲ್ಸ್ ಹಾಕ್ಲಾಕ ಪುಣೆಕ್ಕ ಹೋಗ್ಯಾನ. ಹಿಂಗಾಗಿ ನನ್ನ ಮಾತು ಇಷ್ಟೇ, ಮನಿಗಿ ಹಾಕೋ ಮೊದಲನೇ ರೊಕ್ಕ ಕಲಿಯೋದಕ್ಕ ಹಾಕ್ರಿ, ಅದೂ ಒಬ್ಬರೇ ಅಲ್ಲ, ನಾಲ್ಕೈದು ಮನಿಯವರು ಕೂಡಿ.

ನಮ್ಮ ತಂಗಿ ಊರು ಚಿತ್ತಾಪುರ ತಾಲೂಕಿನ್ಯಾಗದ, ಕಾಗಿಣಾ ಹೊಳಿ ಕಡಿ. ಅಲ್ಲಿ ಅವಳ ಸಂಘದ ಹೆಣ್ಮಕ್ಕಳು, ಒಬ್ಬ ಹಳಿ ಗೌಂಡಿ ಕಾಕಾ, ನಾನು, ಮಣ್ಣಿನ ಬ್ಲಾಕ್ ಒತ್ತಿ ಮನಿ ಕಟ್ಟಾದು ಕಲಿಲಾಕ ಐತವಾರಕ್ಕೊಮ್ಮೆ ಕೂಡ್ತೀವಿ. ಮೊದಲ ದಿನ ಮಾಡಿದ್ದು ಬಾಟ್ಲಿ ಪರೀಕ್ಷಾ. ಎಲ್ಲಾರಿಗೂ ಅವರವರ ಹೊಲದ್ದು, ಹಿತ್ತಲದ್ದು ಮಣ್ಣು ತರ್ರಿ ಅಂದಿದ್ವಿ, ಗಾಜಿನ ಬಾಟ್ಲಿದಾಗ ಮೂರನೇ ಒಂದು ಪಾಲು ಮಣ್ಣು, ಮಿಕ್ಕಿದ್ದು ನೀರು, ಒಂದು ಚಿಟಿಕಿ ಉಪ್ಪು, ಮುಚ್ಚಳ ಹಾಕಿ ಜೋರಾಗಿ ಅಲ್ಲಾಡ್ಸಿ ಕಟ್ಟಿ ಮ್ಯಾಲ ಸಾಲಾಗಿ ಇಟ್ವಿ. ಉಸುಕು ಒಂದು ನಿಮಿಷದಾಗ ತಳಕ್ಕ ಕುಂತ್ತು, ಅದರ ಮ್ಯಾಲ ಸಣ್ಣ ರೇವಿ ಕುಂತ್ತು, ಜೇಡಿ ಮಾತ್ರ ಭಾಳ ಹೊತ್ತು ನೀರಾಗೇ ತೇಲ್ತಿತ್ತು. ಎರಿ ಹೊಲದ ಬಾಟ್ಲಿ ಮರುದಿನಾ ಕೂಡ ಮಂಜು ಮಂಜು ಇತ್ತಂತ. ಮಡ್ಡಿ ಹೊಲದ ಬಾಟ್ಲಿದಾಗ ಅರ್ಧಕ್ಕಿಂತ ಜಾಸ್ತಿ ಉಸುಕೇ. ಒಬ್ಬ ಆಯಿ ಬಾಟ್ಲಿ ನೋಡಿ, "ಎರಿ ಮಣ್ಣಿಂದ ಗ್ವಾಡಿ ಕಟ್ಟಿದ್ರ ಬ್ಯಾಸಗ್ಯಾಗ ಕಾಲು ಹೋಗಂಗ ಬಿರಕು ಬಿಡ್ತದ ಯವ್ವಾ, ಹೊಲದಾಗ ನೋಡಿಲ್ಲೇನು" ಅಂದ್ಲು. ಇಂಜಿನಿಯರು ಪುಸ್ತಕದಾಗ ಓದಿ ಹೇಳಾದನ್ನ ಆಕಿ ಹೊಲ ನೋಡಿ ಹೇಳಿದ್ಲು, ನನಗ ಭಾಳ ಖುಷಿ ಆಯ್ತು.

ಒತ್ತಿದ ಮಣ್ಣಿನ ಬ್ಲಾಕ್‌ಗಿ ಹೊಂದೋ ಮಣ್ಣು ಅಂದ್ರ ಅಂದಾಜು 15 ಪಾಲು ಗರಸು, 50 ಪಾಲು ಉಸುಕು, 15 ಪಾಲು ರೇವಿ, 20 ಪಾಲು ಜೇಡಿ. ನಮ್ಮ ಮಣ್ಣು ಅಷ್ಟು ಪಕ್ಕಾ ಇರಲ್ಲ, ಉಸುಕು ಕಡಿಮಿ ಇದ್ರ ಕಲ್ಲಿನ ಪುಡಿ ಕೂಡಸಬೇಕು, ಶಹಾಬಾದ್ ಕಡಿ ಕಲ್ಲು ಕೊಯ್ದ ಪುಡಿ, ಒಡದ ಚೂರು ರಸ್ತೆ ಪಕ್ಕಕ್ಕ ಗುಡ್ಡ ಗುಡ್ಡ ಬಿದ್ದದ. ಇದಕ್ಕ ಸುಮಾರು 5 ಪರ್ಸೆಂಟ್ ಸಿಮೆಂಟ್, ಜೇಡಿ ಜಾಸ್ತಿ ಇದ್ರ ಸಿಮೆಂಟ್ ಬದಲಿ ಸುಣ್ಣ. ಎರಿ ಮಣ್ಣಂತೂ ಬ್ಲಾಕಿಗಿ ಬ್ಯಾಡೇ ಬ್ಯಾಡ. ನೀರು ಎಷ್ಟು ಅಂದ್ರ ಮುಷ್ಟ್ಯಾಗ ಹಿಡದು ಉಂಡಿ ಕಟ್ಟಿ ನಡದಷ್ಟು ಎತ್ತರದಿಂದ ಬಿಡಬೇಕು, ನಾಲ್ಕೈದು ತುಂಡಾದ್ರ ಹದ ಬಂದದ, ಪುಡಿ ಪುಡಿ ಆದ್ರ ನೀರು ಕಡಿಮಿ, ಪಚಕ್ಕಂತ ಕುಂತ್ರ ಜಾಸ್ತಿ. ಆಮ್ಯಾಲ ಕೈ ಪ್ರೆಸ್‌ದಾಗ ಹಾಕಿ ಹಿಡಿಕಿ ಎಳದು ಒತ್ತಾದು. ಕೆಲಸ ಕೆಡಾದು ಒತ್ತೋವಾಗ ಅಲ್ಲ, ಒತ್ತಿದ ಮ್ಯಾಲ. ಬಿಸಲಿಗಿ ಒಣಗ್ಸೋದು ಅಂತ ತಿಳ್ಕೊಂಡು ಬಯಲಿಗಿ ಇಟ್ಬಿಡ್ತಾರ, ಇದು ಹಸಿ ಇಟ್ಟಂಗಿ ಅಲ್ಲ, ಒಳಗ ಸಿಮೆಂಟ್ ಅದ, ನೆರಳಾಗ ತಟ್ಟಿನ ಚೀಲ ಹೊದಸಿ ನಾಲ್ಕು ವಾರ ನೀರು ಹೊಡಿಬೇಕು. ನೀರಿನ ಕೆಲಸ ಹೆಣ್ಮಕ್ಕಳೇ ಪಾಳಿ ಹಚ್ಚಿ ನೋಡ್ಕೊಂಡ್ರು, ಒಂದು ದಿನ ತಪ್ಪಿಸಿಲ್ಲ.

ಈ ವಿದ್ಯಾ ಹೊಸದಲ್ಲ, ನಮ್ಮ ರಾಜ್ಯದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರ ಐಐಎಸ್‌ಸಿದಾಗ 1974ರಾಗ ಅಸ್ತ್ರ ಅಂತ ಶುರು ಮಾಡಿ ಹಳ್ಳಿಗಿ ಬೇಕಾದ ತಂತ್ರಜ್ಞಾನ ಅಂತ ಮಣ್ಣಿನ ಬ್ಲಾಕ್ ಪ್ರೆಸ್ ಮ್ಯಾಲ ವರ್ಷಗಟ್ಟಲೆ ಕೆಲಸ ಮಾಡ್ಯಾರ, ಕೆ.ಎಸ್. ಜಗದೀಶ್ ಅವರು, ವೆಂಕಟರಾಮ ರೆಡ್ಡಿ ಅವರು. ಪುದುಚೇರಿ ಬಾಜೂಕಿನ ಆರೋವಿಲ್‌ದಾಗ 1989ರಿಂದ ಅರ್ಥ್ ಇನ್‌ಸ್ಟಿಟ್ಯೂಟ್ ಅದ, ಅಲ್ಲಿ ಮಣ್ಣಿನ ಕಟ್ಟಾಣಿಕಿ ಗೌಂಡಿಗಳಿಗೂ ಕಲಸ್ತಾರ. ನಿರ್ಮಿತಿ ಕೇಂದ್ರ ಅಂತ ನಮ್ಮ ಜಿಲ್ಲಾದಾಗ ಬೋರ್ಡ್ ನೋಡಿರ್ತೀರಿ, ಅದು ಮೊದ್ಲು ಹುಟ್ಟಿದ್ದು ಕೇರಳದ ಕೊಲ್ಲಂದಾಗ, ಕಡಿಮಿ ಖರ್ಚಿನ ಮನಿ ಕಟ್ಟಾದು ಜನರಿಗಿ ಕಲಸಬೇಕು ಅಂತಾನೇ. ಹಂಗಾಗಿ ಜಿಲ್ಲಾ ನಿರ್ಮಿತಿ ಕೇಂದ್ರಕ್ಕ ಹೋಗಿ ನಮ್ಮ ಊರಿಗಿ ಒಂದು ಟ್ರೈನಿಂಗ್ ಕೊಡ್ರಿ ಅಂತ ಅರ್ಜಿ ಕೊಡಾದು ನಮ್ಮ ಹಕ್ಕದ. ಸಂಘದ ಲೆಟರ್‌ಹೆಡ್ ಮ್ಯಾಲ ಕೊಡ್ರಿ, ಒಬ್ಬರ ಹೆಸರಿಲೆ ಕೊಟ್ರ ಮೂಲಿಗಿ ಬೀಳ್ತದ. ಪಿಎಂ ಆವಾಸ್ ಗ್ರಾಮೀಣ್‌ದಾಗೂ ಗೌಂಡಿ ಟ್ರೈನಿಂಗ್ ಅದ, ಅದರಾಗ ಚಲೋದು ಏನಂದ್ರ ಫಲಾನುಭವಿ ಮನಿ ಕಟ್ಟೋ ಜಾಗದಾಗೇ ಕಲಸ್ತಾರ, ಹೆಣ್ಮಕ್ಕಳೂ ಸೇರಬಹುದು.

ಇಲ್ಲಿ ಒಂದು ದೊಡ್ಡ ಮಾತು ಹೇಳಲೇಬೇಕು. ಮಣ್ಣು ಕಲ್ಲು ಅಂದ ಕೂಡ್ಲೇ ನಮ್ಮ ಕಡಿ ಹಿರಿಯರು "ಕಿಲ್ಲಾರಿ ಮರ್ತೀಯೇನು" ಅಂತಾರ. ಮಹಾರಾಷ್ಟ್ರದ ಲಾತೂರ್ ಜಿಲ್ಲಾದ ಕಿಲ್ಲಾರಿದಾಗ ಭೂಕಂಪ ಆದ ದಿನ ಅದು, 1993 ಸೆಪ್ಟೆಂಬರ್ 30, ಗಣಪತಿ ಕಳಸಿ ಬಂದು ಮಕ್ಕೊಂಡ ಮಂದಿ ಬೆಳಗಿನ ಜಾವ ನಾಲ್ಕರ ಸುಮಾರಿಗಿ ಮನಿ ಕೆಳಗ ಸಿಕ್ಕೊಂಡ್ರು, ಹತ್ತಿರ ಹತ್ತಿರ 10,000 ಮಂದಿ ಹೋದ್ರು. ಆಳಂದ, ಬಸವಕಲ್ಯಾಣದ ಮಂದಿಗಿ ಅದು ದೂರದ ಸುದ್ದಿ ಅಲ್ಲ, ಗಡಿ ಆಚಿ ಬೀಗರ ಮನಿ ಸುದ್ದಿ. ಮತ್ತ 2021ರ ಅಕ್ಟೋಬರ್‌ನ್ಯಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಾಗ ನೆಲ ಗುಡುಗಿ ನಡುಗಿದಾಗ ಮಂದಿ ಮನಿ ಬಿಟ್ಟು ಹೊರಗ ಶೆಡ್‌ನ್ಯಾಗ ಮಕ್ಕೊಂಡ್ರು. ಆ ಅಂಜಿಕಿ ಖರೆ ಅದ, ಅದನ್ನ ತಳ್ಳಿ ಹಾಕಿ ಮಣ್ಣಿನ ಮನಿ ಕಟ್ರಿ ಅಂದ್ರ ಯಾರೂ ಕೇಳಬಾರದು.

ಆದ್ರ ಕಿಲ್ಲಾರಿ ಗೋಡಿ ಯಾಕ ಬಿತ್ತು ಅಂತ ನೋಡಬೇಕಲ್ರಿ. ದುಂಡು ದುಂಡು ಕಲ್ಲು ಒಳಗೊಂದು ಸಾಲು ಹೊರಗೊಂದು ಸಾಲು, ನಡುವ ಮಣ್ಣು ಚೂರು ತುಂಬಿ ಎರಡು ಎರಡೂವರಿ ಅಡಿ ದಪ್ಪ ಎಬ್ಬಿಸಿದ್ರು, ಆ ಎರಡು ಸಾಲಿಗೂ ಒಂದಕ್ಕೊಂದು ಗಂಟಿರಲಿಲ್ಲ. ಮ್ಯಾಲ ಜಂತಿ ತೊಲಿ ಹಾಕಿ ಮಳಿ ಸೋರಬಾರದು ಅಂತ ವರ್ಷ ವರ್ಷ ಮಣ್ಣು ಏರಿಸಿ ಏರಿಸಿ ಮಾಳಿಗಿ ಭಾರ ಆಗಿತ್ತು. ನೆಲ ಅಲುಗಿದ ಕೂಡ್ಲೇ ಗೋಡಿ ಎರಡು ಹೋಳಾಗಿ ಹೊಟ್ಟಿ ಒಡೀತು, ಮಾಳಿಗಿ ಕೆಳಗ ಬಂತು. ಆಗಿನ ಭೂಕಂಪದ ನಕ್ಷಾದಾಗ ಕಿಲ್ಲಾರಿ ಎಲ್ಲಕ್ಕಿಂತ ಕಡಿಮಿ ಅಪಾಯದ ಝೋನ್ 1ರಾಗಿತ್ತು. ಇದಕ್ಕ ಔಷಧ ಏನಂದ್ರ ಗೋಡಿ ಆರಪಾರ ಹೋಗೋ ಉದ್ದ ಕಲ್ಲು ಅಲ್ಲಲ್ಲಿ ಹಾಕಬೇಕು, ಪಾಯದ ಮ್ಯಾಲೊಂದು, ಬಾಗಲಾ ಕಿಟಕಿ ಮ್ಯಾಲಿನ ಲಿಂಟಲ್‌ಗೊಂದು, ಛತ್ತಿನ ಕೆಳಗೊಂದು ಕಬ್ಬಿಣ ಹಾಕಿದ ಬೆಲ್ಟ್ ಮನಿ ಸುತ್ತ ತುಂಡಾಗದಂಗ ಹೋಗಬೇಕು, ಮೂಲಿದಾಗ ಸರಳು ನಿಲ್ಲಸಬೇಕು, ಮ್ಯಾಲಿನ ಭಾರ ಕಡಿಮಿ ಇರಬೇಕು. ಪರಸಿ ಹಾಸುಗಲ್ಲು ಚಪ್ಪಟಿ ಇರಾದರಿಂದ ಒಂದರ ಮ್ಯಾಲೊಂದು ಚಲೋ ಕುಂದ್ರತದ, ಆರಪಾರ ಕಲ್ಲು ಸಿಗಾದೂ ಸುಲಭ. ಸಿಮೆಂಟ್ ಎಲ್ಲಿ ಬೇಕೋ ಅಲ್ಲಿ ಅಂದೆನಲ್ಲ, ಇದೇ ಆ ಜಾಗ, ಬೆಲ್ಟಿನ ಸಿಮೆಂಟ್ ಕಬ್ಬಿಣದಾಗ ಒಂದು ರೂಪಾಯಿನೂ ಉಳಸಲಾಕ ಹೋಗಬ್ಯಾಡ್ರಿ. ಗೌಂಡಿ ಕಾಕಾಗೂ ಮೊದ್ಲು ಬೆಲ್ಟ್ ಯಾಕ ಅನ್ನಿಸಿತ್ತು, ಹುಡುಗರು ಬೆಂಕಿಪಟ್ಟಣದಿಂದ ಒಂದು ಸಣ್ಣ ಮನಿ ಮಾಡಿ ಹಲಗಿ ಮ್ಯಾಲಿಟ್ಟು ಅಲ್ಲಾಡ್ಸಿ, ಮತ್ತ ಸುತ್ತ ದಾರ ಕಟ್ಟಿ ಅಲ್ಲಾಡ್ಸಿ ತೋರಿಸಿದಾಗ ಅವರೇ ಎದ್ದು ನಿಂತು ಎಲ್ಲೆಲ್ಲಿ ಹಾಕಬೇಕು ಅಂತ ನೆಲದ ಮ್ಯಾಲ ಗೆರಿ ಹಾಕಿದ್ರು.

ಪಾಯದ್ದು ಬೇಗ ಹೇಳ್ತೀನಿ. ಎರಿ ಭೂಮ್ಯಾಗ ಮಣ್ಣು ಮಳಿಗಿ ಉಬ್ಬತದ ಬಿಸಲಿಗಿ ಕುಗ್ಗತದ, ಹಂಗಾಗಿ ಎರಿ ತಗದು ಗಟ್ಟಿ ನೆಲ ಸಿಗೋ ತನಕ ಹೋಗಿ ಗರಸು ತುಂಬಿ ನೀರು ಹಾಕಿ ಬಡಿಬೇಕು, ಭಾಳ ಆಳ ಇದ್ರ ಇಂಜಿನಿಯರ್ ಕೇಳದೆ ಮುಂದ ಹೋಗಬಾರದು. ಮನಿ ಸುತ್ತ ಮಳಿ ನೀರು ನಿಲ್ಲಬಾರದು. ಇಟ್ಟಂಗಿನೇ ಬೇಕಂದ್ರ ಆರ್ಕಿಟೆಕ್ಟ್ ಲಾರಿ ಬೇಕರ್ ಅವರು ಕೇರಳದಾಗ ಪ್ರಚಾರಕ್ಕ ತಂದ ರ‍್ಯಾಟ್ ಟ್ರ್ಯಾಪ್ ಕಟ್ಟಾಣಿಕಿ ಅದ, ಇಟ್ಟಂಗಿ ನಿಲ್ಲಿಸಿ ನಡುವ ಟೊಳ್ಳು ಬಿಡಾದು, ಸುಮಾರು 25 ಪರ್ಸೆಂಟ್ ಇಟ್ಟಂಗಿ ಉಳಿತದ, ಟೊಳ್ಳಿನ್ಯಾಗ ಗಾಳಿ ಇರಾದರಿಂದ ಝಳಾನೂ ಕಡಿಮಿ. ಈಗಾಗ್ಲೇ ಸ್ಲ್ಯಾಬ್ ಮನಿ ಇದ್ದವರು ಇದೇ ಮಾರ್ಚ್‌ನ್ಯಾಗ ಮಾಳಿಗಿ ಮ್ಯಾಲ ಸುಣ್ಣ ಬಳಿರಿ, ಇಷ್ಟು ಸೋವಿ ಕೆಲಸಕ್ಕ ಯಾವ ಸಾಲನೂ ಬೇಕಾಗಿಲ್ಲ.

ಈಗ ರೊಕ್ಕದ ಮಾತಿಗಿ ಬರ್ತೀನಿ. ಹಳ್ಳ್ಯಾಗ ಪಕ್ಕಾ ಮನಿ ಇಲ್ಲದವರಿಗಿ ಪಿಎಂ ಆವಾಸ್ ಗ್ರಾಮೀಣ್‌ದಾಗ ಬಯಲು ಸೀಮಿಗಿ 1.20 ಲಕ್ಷ, ಇದರ ಜೊತಿ ಯೋಜನಾ ನಿಯಮದಾಗ 90 ದಿನದ ಕೂಲಿ, ಪಾಯಖಾನಿಗಿ 12,000 ಬ್ಯಾರೆ. ರಾಜ್ಯದ್ದು ಬಸವ ವಸತಿ, ರಾಜೀವ್ ಗಾಂಧಿ ವಸತಿ ನಿಗಮದ ಕಡಿಂದ ಬರಾದು. ಎಲ್ಲದಕ್ಕೂ ದಾರಿ ಗ್ರಾಮಸಭಾ ಮತ್ತ ಪಂಚಾಯ್ತಿ. ರೊಕ್ಕ ಕಂತಿನ್ಯಾಗ ಬರ್ತದ, ಪ್ರತಿ ಹಂತಕ್ಕೂ ಫೋಟೊ ಹೊಡಕೊಂಡು ಹೋಗ್ತಾರ. ಮಣ್ಣಿನ ಬ್ಲಾಕ್ ಅಂದ್ರ ಕಚ್ಚಾ ಮನಿ ಅಂತ ಯಾರರ ತಕರಾರು ತಗದಾರು, ಅದಕ್ಕ ಮೊದ್ಲೇ ತಯಾರಿರಬೇಕು. ಒತ್ತಿದ ಮಣ್ಣಿನ ಬ್ಲಾಕಿಗಿ ಐಎಸ್ 1725 ಅಂತ ಸರ್ಕಾರದ್ದೇ ಮಾನಕ ಅದ, ನೀವು ಒತ್ತಿದ ನಾಲ್ಕಾರು ಬ್ಲಾಕ್ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗಿ ಒಯ್ದು ಎಷ್ಟು ಭಾರ ತಡಿತಾವ ಅಂತ ಟೆಸ್ಟ್ ಮಾಡ್ಸಿ ರಿಪೋರ್ಟ್ ಕೈಯಾಗ ಇಟ್ಕೋರಿ. ಬ್ಲಾಕ್ ಎಲ್ಲಾ ಒತ್ತಿ ಮುಗದ ಮ್ಯಾಲ ಅಲ್ಲ, ಮೊದಲನೇ ಖೇಪಿನ್ಯಾಗೇ.

ಬ್ಯಾಂಕಿನ ಹೋಮ್ ಲೋನಿಗೂ ಇದೇ ಕಾಗದ ಬೇಕು. ನಮ್ಮ ಗುಂಪಿನ ಒಬ್ಬರು ಒಂದು ಬ್ಯಾಂಕಿಗಿ ಹೋಗಿ ಮಣ್ಣಿನ ಬ್ಲಾಕ್ ಅಂತ ಬಾಯಿಲೆ ಹೇಳಿದ್ದಕ್ಕ ಅಲ್ಲಿ ಫೈಲೇ ತಗೊಳ್ಳಿಲ್ಲ, ಆಮ್ಯಾಲ ಇಂಜಿನಿಯರ್ ಕಡಿಂದ ಮಾನಕದ ನಂಬರ್ ಹಾಕಿ, ಬೆಲ್ಟಿನ ಕಬ್ಬಿಣದ ಲೆಕ್ಕ ಹಾಕಿ, ಲ್ಯಾಬ್ ರಿಪೋರ್ಟ್ ಹಚ್ಚಿ ಎಸ್ಟಿಮೇಟ್ ಮಾಡಿಸ್ಕೊಂಡು ಬ್ಯಾರೆ ಶಾಖೆಗಿ ಹೋದ್ರ ಸಾಹೇಬರು ಕುಂದ್ರಿಸಿ ಮಾತಾಡಿದ್ರು, ಜಾಗಕ್ಕೂ ಬಂದು ನೋಡಿದ್ರು. 30 ಲಕ್ಷದ ತನಕದ ಲೋನಿಗಿ ಬ್ಯಾಂಕ್ 90 ಪರ್ಸೆಂಟ್ ತನಕ ಕೊಡಬಹುದು, ಮಿಕ್ಕಿದ್ದು ನಮ್ಮ ಕೈಲಿಂದ. ಕಟ್ಟೋ ಹಂತ ನೋಡಿ ರೊಕ್ಕ ಬಿಡ್ತಾರ, ಬಿಟ್ಟಷ್ಟಕ್ಕೇ ಬಡ್ಡಿ, ಹಂಗಾಗಿ ಬ್ಲಾಕ್ ಮೊದ್ಲೇ ಒತ್ತಿ ಇಟ್ಕೊಂಡು ಲೋನ್ ಎತ್ತಿದ್ರ ಬಡ್ಡಿ ಉಳಿತದ. ಪಂಚಾಯ್ತಿ ಕೊಡೋ ಆಸ್ತಿ ಕಾಗದ, ಇ-ಸ್ವತ್ತಿನ ಫಾರ್ಮ್ 9, 11 ಇಲ್ಲದಿದ್ರ ಬ್ಯಾಂಕಿನ ಮೆಟ್ಟಲಾ ಹತ್ತಿ ಉಪಯೋಗಿಲ್ಲ, ಹೊಲದಾಗ ಕಟ್ಟಾದಿದ್ರ ಮೊದ್ಲು ಎನ್ಎ, ಅಂದ್ರ ಕೃಷಿಯೇತರ ಜಾಗ ಅಂತ ಬದಲಿ ಮಾಡಿಸ್ಬೇಕು. ತೊಗರಿ ಮ್ಯಾಲ ಬದುಕೋ ಮನಿಗಿ ತಿಂಗಳ ಕಂತು ಹೊಂದಲ್ಲ, ಬೆಳಿ ಲೆಕ್ಕದಾಗ ಆರು ತಿಂಗಳಿಗೊಮ್ಮೆ ಕಂತು ಕೊಡ್ರಿ ಅಂತ ಕೇಳ್ರಿ, ಕೇಳಿದ್ರ ಒಪ್ಪೋರು ಅದಾರ. ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್, ಹಸಿರು ಕಟ್ಟಡಕ್ಕ ಕೊಡೋ ಗೃಹ (GRIHA) ರೇಟಿಂಗ್ ಅಂತ ಹಿಡ್ಕೊಂಡು ಬಡ್ಡಿ ರಿಯಾಯ್ತಿ ಹುಡುಕೋದು ದೊಡ್ಡ ಕಟ್ಟಡದವರಿಗಿ ಸರಿ, ಎರಡು ಕೋಣಿ ಕಟ್ಟೋರು ಅದರ ಹಿಂದ ಓಡಬ್ಯಾಡ್ರಿ ಅಂತ ನನ್ನ ಅಭಿಪ್ರಾಯ. ಸೋಲಾರ್‌ಗಿ ಮಾತ್ರ ಪಿಎಂ ಸೂರ್ಯ ಘರ್ ಸಬ್ಸಿಡಿ ಸಣ್ಣವರಿಗೂ ಅದ, ಒಂದು ಕಿಲೋವ್ಯಾಟಿಗಿ 30,000, ಎರಡಕ್ಕ 60,000, ಮೂರಕ್ಕ 78,000.

ನನಗ ಎಲ್ಲಕ್ಕಿಂತ ಭರವಸಿ ಇರಾದು ಸಂಘದ ಮ್ಯಾಲ. ವಾರ ವಾರ ಸಭಾ, ಉಳಿತಾಯ, ಒಳಗಿನ ಸಾಲ, ತಪ್ಪದೆ ವಾಪಸ್, ಪಕ್ಕಾ ಲೆಕ್ಕ, ಈ ಐದು ಇದ್ದ ಸಂಘಕ್ಕ ಬ್ಯಾಂಕ್ ಅಡ ಇಲ್ಲದೆ ಕೊಡ್ತದ, ಕೇಂದ್ರದ ಗ್ರಾಮೀಣ ಜೀವನೋಪಾಯ ಮಿಷನ್ (ಎನ್ಆರ್‌ಎಲ್‌ಎಂ) ಸಂಘಗಳಿಗಿ 3 ಲಕ್ಷದ ತನಕ 7 ಪರ್ಸೆಂಟ್ ಬಡ್ಡಿ. ಇಡೀ ಮನಿ ಇದರಾಗ ಆಗಲ್ಲ, ಒಂದು ಕೋಣಿ, ಒಂದು ಅಡಗಿ ಮನಿ, ಮಳಿ ನೀರಿನ ಟಾಕಿ ಆಗ್ತದ. ಮನಿ ಕೋಣಿ ಕೋಣಿ ಬೆಳಸ್ರಿ, ನಮ್ಮ ಮುತ್ಯಾಗಳು ಹಂಗೇ ಬೆಳಸ್ಯಾರ. ಮೈಕ್ರೋಫೈನಾನ್ಸ್‌ನವರು ಮನಿ ಬಾಗಲಿಗೇ ಬಂದು ಕೊಡ್ತಾರ ಅಂತ ವಾರದ ಕಂತಿನ ಸಾಲ ಎತ್ತಿ ಗೋಡಿ ಎಬ್ಬಸಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ವಸೂಲಿ ಕಿರುಕುಳ ತಡಿಲಾಕ 2025ರಾಗ ಸರ್ಕಾರ ಸುಗ್ರೀವಾಜ್ಞೆ ತರೋ ಹಂಗಾಯ್ತಂದ್ರ ಎಷ್ಟು ಮನಿ ನೊಂದಿರಬೇಕು ನೋಡ್ರಿ.

ತಂಗಿ ಊರಾಗ ಈಗ ನಡದದ್ದು ಭಿಶಿ (ಚೀಟಿ) ಮತ್ತ ಮುಯ್ಯಾಳು (ಒಬ್ಬರಿಗೊಬ್ಬರು ಆಳಾಗಿ ದುಡಿಯಾದು) ಎರಡೂ ಕೂಡಿದ್ದು. ತಿಂಗಳಾ ಎಲ್ಲಾರೂ ಭಿಶಿ ಹಾಕ್ತಾರ, ಯಾರ ಪಾಳಿ ಬಂತೋ ಅವರ ಮನಿಗಿ ರೊಕ್ಕನೂ ಹೋಗ್ತದ, ಆಳೂ ಹೋಗ್ತಾವ, ಎಲ್ಲಾರೂ ಬಂದು ಮಣ್ಣು ಸೋಸಿ ಬ್ಲಾಕ್ ಒತ್ತಿ ಕೊಟ್ಟು ಹೋಗ್ತಾರ. ಪ್ರೆಸ್ ಒಂದೇ, ಮನಿಯಿಂದ ಮನಿಗಿ ತಿರಗ್ತದ. ಮಳಿಗಾಲದಾಗ ಬ್ಲಾಕ್ ಕೆಲಸ ಬಂದ್, ದೀಪಾವಳಿ ಆದ ಮ್ಯಾಲ ಶುರು, ಥಂಡಿದಾಗ ಬ್ಲಾಕ್ ಪಕ್ಕಾ ಆಗ್ತಾವ, ಅಷ್ಟ್ರಾಗ ತೊಗರಿ ರಾಶಿ ಆಗಿ ಕೈಯಾಗ ರೊಕ್ಕ ಬಂದಿರ್ತದ, ಆ ರೊಕ್ಕ ಪಾಯಕ್ಕ, ಬೆಲ್ಟಿಗಿ, ಛತ್ತಿಗಿ. ಯಾರರ ಆಳು ಕೊಡಲಾಕ ಆಗಲಿಲ್ಲ ಅಂದ್ರ ಅವತ್ತಿನ ಹಾಜ್ರಿ ರೊಕ್ಕ ಡಬ್ಬಿಗಿ ಹಾಕ್ತಾರ, ಇದು ಹೆಣ್ಮಕ್ಕಳೇ ಮಾಡಿದ ಕಾಯ್ದಾ, ಜಗಳ ಬರದಂಗ.

ಆ ಡಬ್ಬಿ ರೊಕ್ಕದಾಗೇ ಗೌಂಡಿ ಕಾಕಾಗ ಕಲಸೋ ದಿನದ ಹಾಜ್ರಿ ಕೊಡ್ತೀವಿ, ಕೆಲಸದ ದಿನ ಎಷ್ಟೋ ಅಷ್ಟೇ. ಅವರು ಬ್ಯಾಡಂದ್ರು, ಕಲಸಾದಕ್ಕ ಎಂಥಾ ಕೂಲಿ ಅಂದ್ರು, ನಾವು ಬಿಡಲಿಲ್ಲ. ಸುಣ್ಣ ಎಷ್ಟು ದಿನ ನೆನಿಬೇಕು, ಗಚ್ಚು ಎಷ್ಟು ಅರದ್ರ ಕರ್ಣಿಗಿ ಅಂಟತದ, ಕಲ್ಲಿನ ಮುಖ ಯಾವ್ದು ಬೆನ್ನು ಯಾವ್ದು ಅಂತ ಕೈಯಾಗ ಹಿಡದು ನೋಡೋದು, ಇದೆಲ್ಲಾ ಅವರ ನಲವತ್ತು ವರ್ಷದ ದುಡಿಮಿ, ಪುಕ್ಕಟ್ಟೆ ಯಾಕ ಕೊಡಬೇಕು? ಅವರ ಜೊತಿ ಈಗ ಊರಿನ ಇಬ್ಬರು ಹುಡುಗರು, ಸಂಘದ ಒಬ್ಬ ಯಕ್ಕ ಕರ್ಣಿ ಹಿಡದಾರ, ಅವರಿಗೂ ಹಾಜ್ರಿ ಅದ. ನೀವೂ ಸಂಘ ಕಟ್ಕೊಂಡು ಶುರು ಮಾಡಾದಿದ್ರ ಎಸ್ಟಿಮೇಟ್‌ನ್ಯಾಗ ಸಿಮೆಂಟ್, ಕಬ್ಬಿಣ, ಉಸುಕಿನ ಮ್ಯಾಲೇನೇ ಕಲಸೋ ಗೌಂಡಿ ಹಾಜ್ರಿ ಅಂತ ಒಂದು ಸಾಲು ಬರದು ಅದಕ್ಕ ರೊಕ್ಕ ತಗದು ಇಡ್ರಿ.